ಹಸಿರು ಶಾಯಿಯ ಶ್ರೀ

ಮಾಳಮಡ್ಡಿ, ಧಾರವಾಡ
೧೨ ಮೇ ೨೦೨೫, ಸೋಮವಾರ

ಚಿರಂಜೀವಿ ಪೂನಮ್‌ಳಿಗೆ ಶ್ರೀರಂಗನ ಆಶೀರ್ವಾದಗಳು.

ಈ ಪತ್ರವನ್ನು ನೀನು ವಿಮಾನದಲ್ಲಿ ಕುಳಿತು ಓದುವೆಯೆಂದು ಭಾವಿಸಿ ಬರೆಯುತ್ತಿದ್ದೇನೆ. ನಾಳೆ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ನಿನ್ನ ತಂದೆಯೂ ಇರುತ್ತಾರೆ. ಮಗನನ್ನು ಕಳೆದುಕೊಂಡು ವಾರವೂ ಆಗದ ಮನುಷ್ಯನೆದುರು ಡಾಲರಿನ ಮಾತು ತೆಗೆಯುವ ಧೈರ್ಯ ನನಗಿಲ್ಲ.

ಅಮರಗೋಳದ ಎಣ್ಣೆ ಗಿರಣಿಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿಯಲು ಕಲಿತ ನಿನ್ನ ಅಣ್ಣ ಶಶಿಕುಮಾರ ಮಲಾವಿ ದೇಶದ ಗಿರಣಿಯಲ್ಲಿ ಫಿಟರ್ ಆದದ್ದನ್ನು ನಮ್ಮ ಬ್ಯಾಂಕು ಪರೀಕ್ಷೆಯ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದೇ ದೇಶದ ರಸ್ತೆಯಲ್ಲಿ ಲಾರಿ ಮಗುಚಿ ಅವನು ತೀರಿಕೊಂಡನೆಂದು ಹೇಳಲು ಮಾತ್ರ ನನಗೆ ವಾಕ್ಯ ಕೂಡಿಬರುತ್ತಿಲ್ಲ. ನೀನು ಅವನನ್ನು ಮನೆಗೆ ತರಲು ಹೊರಟಿದ್ದೀಯೆ. ಉಪ್ಪಿನಬೆಟಗೇರಿಯಲ್ಲಿ ತಾಯಿ ಮುದಕವ್ವನ ಮಗ್ಗುಲಿಗೆ ಅವನಿಗೆ ಮಣ್ಣು ಕೊಡಬೇಕೆಂಬುದು ನಿನ್ನ ತಂದೆ ನೀಲಪ್ಪನವರ ಒಂದೇ ಮಾತು. ಆ ಮಾತು ನಡೆಯುತ್ತದೆ. ನಿನ್ನಂಥ ಹುಡುಗಿ ಹೊರಟಿರುವಾಗ ನಡೆಯದೆ ಇರದು.

ಲಕೋಟೆಯಲ್ಲಿ ನೂರು ಡಾಲರಿನ ಇಪ್ಪತ್ತು ನೋಟುಗಳಿವೆ. ನಮ್ಮ ತರಗತಿಯ ಹಳೆಯ, ಹೊಸ ಮಕ್ಕಳೆಲ್ಲ ಸೇರಿ ಕೂಡಿಸಿದ್ದು. ಆ ದೇಶದ ಹಣ ಕ್ವಾಚಾ. ಅದರ ಬೆಲೆ ವಾರದಿಂದ ವಾರಕ್ಕೆ ಇಳಿಯುತ್ತಿದೆಯೆಂದು ಓದಿದ್ದೇನೆ. ಬ್ಯಾಂಕಿನ ದರ ಒಂದು, ಬಜಾರಿನ ದರ ಅದಕ್ಕಿಂತ ಇಮ್ಮಡಿಗೂ ಹೆಚ್ಚು. ಆದ್ದರಿಂದ ನನ್ನ ಮಾತು ಲಕ್ಷ್ಯವಿಟ್ಟು ಕೇಳು. ನೋಟುಗಳನ್ನು ಮೂರು ಕಡೆ ಹಂಚಿಡು. ಅಂದಂದಿಗೆ ಬೇಕಾದಷ್ಟನ್ನೇ ಬದಲಿಸು. ಉಳಿದ ಕ್ವಾಚಾ ಕೈಯಲ್ಲಿಯೇ ಕರಗುತ್ತದೆ. ಮೊದಲು ಹೇಳಿದ ದರಕ್ಕೆ ಒಪ್ಪಬೇಡ. ಮೂರು ಕಡೆ ವಿಚಾರಿಸು. ರಸ್ತೆಯಲ್ಲಿ ನಿಂತು ಕರೆಯುವವರ ಹತ್ತಿರ ಹೋಗಬೇಡ, ಅವರು ಎಣಿಸುವಾಗಲೇ ನಡುವಿನ ನೋಟು ಮಾಯಮಾಡುತ್ತಾರೆ.

ಅದಕ್ಕಾಗಿಯೇ ಒಂದು ಉಪಾಯ ಮಾಡಿದ್ದೇನೆ. ಪ್ರತಿ ನೋಟಿನ ಬಲತುದಿಯಲ್ಲಿ ಹಸಿರು ಶಾಯಿಯಿಂದ ಸಣ್ಣದಾಗಿ ‘ಶ್ರೀ’ ಎಂದು ಬರೆದಿದ್ದೇನೆ. ಯಾರಾದರೂ ಕೈಚಳಕ ತೋರಿಸಿ ಖೋಟಾ ನೋಟು ತಿರುಗಿ ಕೊಟ್ಟರೆ ನಿನಗೆ ತಕ್ಷಣ ತಿಳಿಯುತ್ತದೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕ್ಯಾಷಿನಲ್ಲಿ ನಾನು ಎಣಿಸಿದ ಪ್ರತಿ ಕಟ್ಟಿನ ಮೇಲೂ ಅದೇ ನನ್ನ ಸಹಿ. ಆ ಸಹಿಯಿದ್ದ ಕಟ್ಟು ಕಡಿಮೆಯಾಗಿ ಒಂದು ದಿನವೂ ಮರಳಿ ಬಂದದ್ದಿಲ್ಲ.

ಹುಬ್ಬಳ್ಳಿಯ ವಿನಿಮಯದ ಅಂಗಡಿಯಲ್ಲಿ ಕೌಂಟರಿಗಿರುವ ಋತುಜಾ ಎಂಬ ಹುಡುಗಿ ಬಹಳ ವಿನಯವಂತೆ. ಗಾಜಿನ ಹಿಂದಿನಿಂದ ಏನೋ ಕಾಳಜಿಯಿಂದ ಹೇಳಿದಳು. ನಾನು ಹೂಂ ಎಂದೆ. ನನ್ನ ಕಿವಿಯ ಸಂಗತಿ ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಅರ್ಧ ಕೇಳಿ ಅರ್ಧ ಊಹಿಸುವುದಕ್ಕಿಂತ ಪತ್ರವೇ ಮೇಲು. ಇ-ಮೇಲಿನಲ್ಲಿ ಬರೆ. ನಾನೂ ಹಾಗೆಯೇ ಬರೆಯುತ್ತೇನೆ.

ನಿನ್ನ ಹಿತೈಷಿ,
ಶ್ರೀರಂಗ


ಲಿಂಬೆ, ಮಲಾವಿ
೧೫ ಮೇ ೨೦೨೫, ಗುರುವಾರ

ಪೂಜ್ಯ ಸರ್ ಅವರಿಗೆ ಪೂನಮ್ ಮಾಡುವ ನಮಸ್ಕಾರಗಳು.

ನಿನ್ನೆ ಮಧ್ಯಾಹ್ನ ಬಂದು ತಲುಪಿದೆ. ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಮಕ್ತುಮಸಾಬ ಎಂಬವರು ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಗೋಪನಕೊಪ್ಪದವರು. ನನ್ನನ್ನು ಕಂಡ ಕೂಡಲೇ, “ಶಶ್ಯಾನ ತಂಗಿ ಹೌದಲ್ಲೋ? ಮೂಗು ನೋಡೇ ಹಿಡದೆ” ಎಂದರು.

ಅಣ್ಣನನ್ನು ನೋಡಿದೆ. ಎಡಗಿವಿಯ ಮೇಲೆ ಗಾಯವಿದೆ. ಉಳಿದಂತೆ ಅವನ ಹಾಗೆಯೇ ಇದ್ದಾನೆ.

ಕಾಗದಪತ್ರಗಳೆಲ್ಲ ಆಗಿವೆ. ಆಸ್ಪತ್ರೆಯ ಖರ್ಚು, ಪೆಟ್ಟಿಗೆಯ ಖರ್ಚು ಗಿರಣಿಯ ಮಾಲೀಕರು ಕ್ವಾಚಾದಲ್ಲಿ ಕೊಟ್ಟಿದ್ದಾರೆ. ವಿಮಾನದ ಸಾಗಣೆಗೆ ಸಾವಿರದ ಎಂಟುನೂರು ಡಾಲರ್. ಅದನ್ನು ಡಾಲರಿನಲ್ಲಿಯೇ, ನಗದಾಗಿ, ಮುಂಗಡವಾಗಿ ಕೊಡಬೇಕು. ಮಾಲೀಕರ ಬಳಿ ಡಾಲರಿಲ್ಲ. ಯಂತ್ರದ ಬಿಡಿಭಾಗಕ್ಕೆಂದು ಅವರೇ ನಾಲ್ಕು ತಿಂಗಳಿಂದ ಬ್ಯಾಂಕಿನ ಸರತಿಯಲ್ಲಿದ್ದಾರಂತೆ. ನಾವು ತಂದದ್ದು ಸಾಕಾಗುತ್ತದೆ.

ಶವಾಗಾರದ ತಣ್ಣನೆಯ ಕೋಣೆ ಜನರೇಟರಿನಿಂದ ನಡೆಯುತ್ತದೆ. ಡೀಸೆಲ್ ಸಿಗುತ್ತಿಲ್ಲ. ಇಪ್ಪತ್ತನಾಲ್ಕನೆಯ ತಾರೀಖು ಶನಿವಾರದವರೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದಿದ್ದಾರೆ. ಇನ್ನೂ ಒಂಬತ್ತು ದಿನಗಳಿವೆ. ನಾಳೆ ಕಾರ್ಗೋ ಕಚೇರಿಗೆ ಹೋಗುತ್ತೇವೆ.

ಅಪ್ಪನಿಗೆ ಊಟ ಮಾಡಲು ಹೇಳಿರಿ.

ಪೂನಮ್


ಲಿಂಬೆ
೧೭ ಮೇ ೨೦೨೫, ಶನಿವಾರ
(ಬರೆದು ಕಳುಹಿಸದೆ ಉಳಿದದ್ದು)

ಪೂಜ್ಯ ಸರ್,

ನೋಟುಗಳನ್ನು ತೆಗೆದುಕೊಳ್ಳಲಿಲ್ಲ.

ನಿನ್ನೆ ಕಾರ್ಗೋ ಕಚೇರಿಯ ಹೆಂಗಸು ಮೊದಲ ನೋಟನ್ನು ಬೆಳಕಿಗೆ ಹಿಡಿದಳು, ಅಂಚು ಸವರಿ ನೋಡಿದಳು, ಶ್ರೀ ಕಂಡ ಕೂಡಲೇ ಪಕ್ಕಕ್ಕಿಟ್ಟಳು. ಎರಡನೆಯದನ್ನೂ ಹಾಗೆಯೇ. ಇಪ್ಪತ್ತನ್ನೂ ನೋಡಿದಳು, ಅವಸರ ಮಾಡಲಿಲ್ಲ. ಕೊನೆಗೆ ಎಲ್ಲವನ್ನೂ ಜೋಡಿಸಿ ನನ್ನ ಕಡೆ ಸರಿಸಿ, ಬರೆದ ನೋಟನ್ನು ತಮ್ಮ ಬ್ಯಾಂಕು ಮುಟ್ಟುವುದಿಲ್ಲ, ಮುಟ್ಟಿದರೆ ತನ್ನ ಸಂಬಳದಿಂದ ಹಿಡಿಯುತ್ತಾರೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇಂದು ಮೂರು ವಿನಿಮಯ ಅಂಗಡಿಗಳನ್ನು ಸುತ್ತಿದೆವು. ನೀವು ಹೇಳಿದಂತೆ ಮೂರು. ಒಂದರಲ್ಲಿ ಪೆನ್ಸಿಲಿನಿಂದ ಶ್ರೀಯ ಸುತ್ತ ದುಂಡು ಹಾಕಿ ತೋರಿಸಿದರು, ನಾನು ನೋಡಿಲ್ಲವೇನೋ ಎಂಬಂತೆ. ಬ್ಯಾಂಕಿನವರು ವಿದೇಶಕ್ಕೆ ಕಳಿಸಿ ಪರಿಶೀಲಿಸಬಹುದು, ನಾಲ್ಕು ವಾರ ಬೇಕು ಎಂದರು. ರಸ್ತೆಯವರ ಹತ್ತಿರವೂ ಹೋದೆವು, ಸರ್. ಅವರು ಅರ್ಧ ಬೆಲೆಗೆ ಕ್ವಾಚಾ ಕೊಡುತ್ತೇವೆ ಎಂದರು. ಅದರಿಂದ ಮತ್ತೆ ಒಳ್ಳೆಯ ಡಾಲರ್ ಕೊಂಡರೆ ಒಂಬೈನೂರೂ ಆಗುವುದಿಲ್ಲ. ಊರಿನಿಂದ ಬ್ಯಾಂಕಿಗೆ ಹಣ ಹಾಕಿಸಿದರೂ ಕೈಗೆ ಬರುವುದು ಕ್ವಾಚಾ, ಅದೂ ಸರಕಾರಿ ದರದಲ್ಲಿ.

ಮಕ್ತುಮಸಾಬರು ಹೊರಗೆ ಕಟ್ಟೆಯ ಮೇಲೆ ಕುಳಿತು ಒಂದು ನೋಟು ಹಿಡಿದು ಬಹಳ ಹೊತ್ತು ನೋಡಿದರು.

“ಯಾರ್ ಬರದಾರಿದು?”

“ನಮ್ಮ ಸರ್.”

“ಏನಂಬೋಣ ಈ ಮನಷ್ಯಾಗ! ನಮ್ಮ ಹುಬ್ಬಳ್ಳ್ಯಾಗ ಹರದ ನೋಟು ಅಂಟಿಸಿ ಕಂಡಕ್ಟರಗ ದಾಟಸ್ತೇವಿ. ಇಲ್ಲೆ ಒಂದ್ ಗೆರಿ ಬಿದ್ರ ಹಾವು ಕಂಡಂಗ ಮಾಡ್ತಾರ. ಅಕ್ಷರ ಮಾತ್ರ ಮುತ್ತಿನಂಗ ಅದಾವ ಬಿಡು.”

ನಾನು ನಕ್ಕೆನೆಂದು ಕಾಣುತ್ತದೆ. ಅವರು ನನ್ನ ಮುಖ ನೋಡಿ ನೋಟನ್ನು ಲಕೋಟೆಗೆ ಹಾಕಿದರು.

ಒರೆಸಿ ನೋಡಿದೆ. ಹೋಗುವುದಿಲ್ಲ. ಒಳ್ಳೆಯ ಶಾಯಿ.

ಸರ್, ಇದನ್ನು ನಿಮಗೆ ಹೇಗೆ


ಲಿಂಬೆ
೧೭ ಮೇ ೨೦೨೫, ಶನಿವಾರ

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಹಣ ಕಟ್ಟುವುದಕ್ಕೆ ಸ್ವಲ್ಪ ತೊಡಕಾಗಿದೆ. ಇಲ್ಲಿ ನೋಟುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಮಗೆ ಸಾಧ್ಯವಾದರೆ ಇನ್ನೂ ಸಾವಿರದ ಎಂಟುನೂರು ಡಾಲರ್ ಬೇಕಾಗಬಹುದು. ಈ ಕಡೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕಳಿಸಿರಿ. ನೋಟುಗಳು ಸ್ವಚ್ಛವಾಗಿರಲಿ.

ತೊಂದರೆ ಕೊಡುತ್ತಿದ್ದೇನೆ.

ಪೂನಮ್


ಧಾರವಾಡ
೧೯ ಮೇ ೨೦೨೫, ಸೋಮವಾರ

ಚಿರಂಜೀವಿ ಪೂನಮ್‌ಳಿಗೆ ಆಶೀರ್ವಾದಗಳು.

ತೊಂದರೆ ಎಂಬ ಶಬ್ದವನ್ನು ನನಗೆ ಬರೆಯಬೇಡ. ನಿನ್ನ ಪತ್ರ ಓದಿದ ಕೂಡಲೇ ಸಂಗತಿ ಅರ್ಥವಾಯಿತು. ನಾವು ಕೊಟ್ಟವು ಹಳೆಯ ಮುದ್ರಣದ ನೋಟುಗಳು. ಅವರಿಗೆ ಖೋಟಾ ಇರಬಹುದೆಂಬ ಸಂಶಯ ಬಂದಿರಬೇಕು. ಅಸ್ಥಿರ ಹಣದ ನಾಡಿನಲ್ಲಿ ಜನ ಹೀಗೆ ಬೆದರುವುದು ಸಹಜ. ಅವರನ್ನು ಹಳಿಯಬೇಡ.

ನಿನ್ನೆ ತರಗತಿಯಲ್ಲಿ ವಿಷಯ ತಿಳಿಸಿದೆ. ದತ್ತು ಎದ್ದು ನಿಂತು, “ಸರ್, ಸಂಜಿ ಅನ್ನೋದ್ರಾಗ ಕೂಡಸ್ತೇವ್ರಿ, ನೀವು ಪಾಠ ನಡಸ್ರಿ” ಎಂದ. ಅವನಿಗೆ ಬಡ್ಡಿಯ ಲೆಕ್ಕ ಇನ್ನೂ ಬರುವುದಿಲ್ಲ. ಸಂಜೆಯ ಹೊತ್ತಿಗೆ ಹಣ ಮಾತ್ರ ಕೂಡಿತ್ತು. ಈ ಮಕ್ಕಳಿರುವ ಊರಿನಲ್ಲಿ ಯಾವ ಕೆಲಸ ನಿಲ್ಲುತ್ತದೆ ಹೇಳು?

ಗೋಪನಕೊಪ್ಪದ ರಜನಿ ಎಂಬಾಕೆ ನಾಳೆ ಹೊರಟಿದ್ದಾಳೆ. ಆಕೆಯ ಯಜಮಾನರು ಲಿಂಬೆಯ ಪಕ್ಕದ ಬ್ಲಾಂಟೈರಿನಲ್ಲಿದ್ದಾರೆ. ಬುಧವಾರ ಸಂಜೆ ನಿನಗೆ ಲಕೋಟೆ ಮುಟ್ಟಿಸುತ್ತಾಳೆ. ಆಕೆಯ ಹೆಸರಿನ ಕಾಗದಗಳನ್ನು ಒಯ್ದು ಋತುಜಾಳ ಹತ್ತಿರ ಹದಿನೆಂಟು ಹೊಸ ನೋಟು ತೆಗೆದುಕೊಂಡೆ. ಮಡಿಕೆಯೇ ಬೀಳದ ಗರಿಗರಿ ನೋಟುಗಳು. ಈ ಸಲವೂ ಪಾಪ ಏನೋ ಬಹಳ ಹೇಳಿದಳು. ಹಿಂದೆ ಸರತಿಯಲ್ಲಿ ಜನರಿದ್ದರು. ನಕ್ಕು ತಲೆಯಾಡಿಸಿ ಬಂದೆ.

ಇನ್ನೊಂದು ಸಂಗತಿ. ಅವರಿಗೆ ಸಂಶಯ ಬಂದಿರುವುದರಿಂದ ಈ ಸಲ ಶ್ರೀಯನ್ನು ತುಸು ದೊಡ್ಡದಾಗಿ, ಸ್ಪಷ್ಟವಾಗಿ ಬರೆದಿದ್ದೇನೆ. ಜವಾಬ್ದಾರಿಯ ಮನುಷ್ಯನೊಬ್ಬ ಎಣಿಸಿ, ನೋಡಿ, ಸಹಿ ಮಾಡಿದ್ದಾನೆಂದು ಕಂಡವರಿಗೆ ತಿಳಿಯಲಿ.

ದುಡುಕಬೇಡ. ನಿನ್ನ ತಂದೆಗೆ ನಾನು ಧೈರ್ಯ ಹೇಳಿದ್ದೇನೆ.

ಶ್ರೀರಂಗ


ಲಿಂಬೆ
೨೨ ಮೇ ೨೦೨೫, ಗುರುವಾರ

ಪೂಜ್ಯ ಸರ್,

ರಜನಿ ಅಕ್ಕ ನಿನ್ನೆ ಬಂದರು. ಲಕೋಟೆ ತಲುಪಿತು. ಹದಿನೆಂಟು ನೋಟುಗಳಿವೆ.

ಪೂನಮ್


ಧಾರವಾಡ
೨೩ ಮೇ ೨೦೨೫, ಶುಕ್ರವಾರ

ಚಿರಂಜೀವಿ ಪೂನಮ್‌ಳಿಗೆ,

ನಿನ್ನ ಮೂರು ಸಾಲು ಓದಿ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ. ಇಂದು ಹಣ ಕಟ್ಟಿರಬೇಕು. ವಿಮಾನದ ಸಂಖ್ಯೆ ತಿಳಿಸು. ದತ್ತು ಆಂಬುಲೆನ್ಸಿನವರ ಜೊತೆ ಮಾತಾಡಿಟ್ಟಿದ್ದಾನೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಿನ್ನ ತಂದೆ ದಿನಾಲೂ ಮುಂಜಾನೆಯ ಬಸ್ಸಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಿರುತ್ತಾರೆ. ಪಾಠ ಮುಗಿದ ಮೇಲೆ “ಏನಂತ್ರಿ, ಸರ?” ಎಂದು ಒಂದೇ ಪ್ರಶ್ನೆ. ಸೋಮವಾರ ನಾನು, ಐತವಾರ ಬರುತ್ತಾನೆ ಎಂದುಬಿಟ್ಟೆ. ಅವರು ಊರಿಗೆ ಹೋದವರೇ ಮುದಕವ್ವನ ಮಗ್ಗುಲಿಗೆ ಕುಣಿ ತೋಡಿಸಿದ್ದಾರೆ. ಎರಡು ದಿನ ಬಂದಿಲ್ಲ, ಅಲ್ಲಿಯೇ ಇರುತ್ತಾರಂತೆ. ನಿನಗೆ ಭಾರವಾಗಬಾರದೆಂದು ಬರೆದಿರಲಿಲ್ಲ. ಈಗ ಚಿಂತೆಯಿಲ್ಲವಲ್ಲ.

ಶ್ರೀರಂಗ


ಧಾರವಾಡ
೨೫ ಮೇ ೨೦೨೫, ಭಾನುವಾರ

ಪೂನಮ್,

ಗುರುವಾರದ ಮೇಲೆ ಪತ್ರವಿಲ್ಲ. ಸಂಜೆಯ ತನಕ ಕಾದು ಆಂಬುಲೆನ್ಸಿನವರನ್ನು ಮರಳಿ ಕಳಿಸಿದೆವು. ಎಲ್ಲಿದ್ದೀಯೆ?


ಲಿಂಬೆ
೨೬ ಮೇ ೨೦೨೫, ಸೋಮವಾರ

ಪೂಜ್ಯ ಸರ್,

ಅಣ್ಣನಿಗೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿಯೇ ಮಣ್ಣು ಕೊಟ್ಟೆವು. ಸಮಯ ಮೀರಿತ್ತು. ಶುಕ್ರವಾರ ರಾತ್ರಿಯಿಂದ ಜನರೇಟರ್ ನಿಂತಿತ್ತು.

ಸ್ಮಶಾನ ಗುಡ್ಡದ ಇಳಿಜಾರಿನಲ್ಲಿದೆ. ತುಂತುರು ಮಳೆಯಿತ್ತು. ಒಟ್ಟು ಹನ್ನೊಂದು ಜನ. ಗಿರಣಿಯ ಕೆಲಸಗಾರರು ತಮ್ಮ ಭಾಷೆಯಲ್ಲಿ ಹಾಡಿದರು. ಒಂದು ಹಲಗೆಗೆ ಸಂಖ್ಯೆ ಬರೆದು ನೆಟ್ಟಿದ್ದಾರೆ: ೪೧೨.

ಎಲ್ಲ ಮುಗಿದ ಮೇಲೆ ಮಕ್ತುಮಸಾಬರು ಅಣ್ಣನ ತಲೆಯ ಕಡೆ ಕುಳಿತು ಅವನೊಡನೆಯೇ ಮಾತನಾಡಿದರು. “ಏ ಶಶ್ಯಾ, ನನ್ನ ಇಪ್ಪತ್ನಾಕರ ಪಾನಾ ಎಲ್ಲಿಟ್ಟೀಯೋ? ಮೂರ್ ತಿಂಗಳಾತು ಕೇಳಾಕತ್ತು. ಐತವಾರಕ್ಕೊಮ್ಮೆ ಬರ್ತೇನಿ, ಕೊಡೂ ಮಟಾ ಬಿಡಂಗಿಲ್ಲ ಮಗನ.” ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ನೀ ಒಮ್ಮೆರೆ ಅಳವಾ. ಇದ್ ಹಿಂಗ ಕಲ್ಲಾಗಿ ಕುಂದ್ರಬ್ಯಾಡ” ಎಂದರು. ನಾನು ಹೂಂ ಎಂದೆ.

ಅಪ್ಪನಿಗೆ ನಾನೇ ಬಂದು ಹೇಳುತ್ತೇನೆ ಎಂದುಕೊಂಡಿದ್ದೆ. ನೀವೇ ಹೇಳಿಬಿಡಿರಿ. ಶುಕ್ರವಾರ ಹೊರಡುತ್ತೇನೆ.

ಪೂನಮ್


ಧಾರವಾಡ
೨೭ ಮೇ ೨೦೨೫, ಮಂಗಳವಾರ

ಪೂನಮ್‌ಳಿಗೆ,

ನಿನ್ನ ತಂದೆಗೆ ಹೇಳಿದೆ. ಹೇಗೆ ಹೇಳಿದೆನೆಂದು ಬರೆಯಲಾರೆ. ಕುಣಿಯ ಅಂಚಿನಲ್ಲಿ ಟವೆಲ್ಲು ಹಾಸಿ ಕುಳಿತಿದ್ದರು. ಎದ್ದು ಬರಲಿಲ್ಲ.

ನಿನ್ನ ದುಃಖದ ಮೇಲೆ ಇನ್ನೊಂದು ಮಾತು ಹೇರಬಾರದು. ಆದರೂ ಗುರುವಾದವನು ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಗುಮುಖ ತೋರಿಸಬಾರದೆಂದು ತಿಳಿದವನು ನಾನು. ನಿನ್ನ ಕೈಯಲ್ಲಿ ಮೂರು ಸಾವಿರದ ಎಂಟುನೂರು ಡಾಲರ್ ಇತ್ತು. ಬುಧವಾರ ಸಂಜೆಯಿಂದ ಶನಿವಾರದವರೆಗೆ ಪೂರ್ತಿ ಎರಡು ದಿನಗಳಿದ್ದವು. ಹಣ ಕೈಯಲ್ಲಿದ್ದೂ ಕೆಲಸ ಆಗಲಿಲ್ಲವೆಂದರೆ ಏನರ್ಥ? ಮೂರು ಕಡೆ ದರ ವಿಚಾರಿಸು ಎಂದ ನನ್ನ ಮಾತನ್ನೇ ಹಿಡಿದು ಒಳ್ಳೆಯ ದರಕ್ಕಾಗಿ ಕಾಯುತ್ತ ಕುಳಿತೆಯೇನು? ಸಾವಿನ ಮನೆಯಲ್ಲಿ ದರ ನೋಡಬಾರದೆಂದು ನಾನು ಪ್ರತ್ಯೇಕವಾಗಿ ಹೇಳಬೇಕಾಗಿತ್ತೆ?

ಮಕ್ಕಳು ಕೇಳುತ್ತಾರೆ. ಅವರಿಗೆ ನಾನು ಏನು ಉತ್ತರ ಕೊಡಲಿ?

ಶ್ರೀರಂಗ


ಉಪ್ಪಿನಬೆಟಗೇರಿ
೩ ಜೂನ್ ೨೦೨೫, ಮಂಗಳವಾರ
(ದತ್ತುವಿನ ಕೈಯಲ್ಲಿ)

ಸರ್,

ಲಕೋಟೆಯಲ್ಲಿ ಮೂವತ್ತೆಂಟು ನೋಟುಗಳಿವೆ. ಒಂದೂ ಖರ್ಚಾಗಿಲ್ಲ. ಎಣಿಸಿಕೊಳ್ಳಿರಿ.

ಪೂನಮ್


ಧಾರವಾಡ
೮ ಜೂನ್ ೨೦೨೫, ಭಾನುವಾರ

ಪೂನಮ್‌ಳಿಗೆ,

ಎಣಿಸಿದೆ. ಮೂವತ್ತೆಂಟು.

ಎಣಿಸುವಾಗ ಮೂರನೆಯ ನೋಟಿನಲ್ಲಿ ಬೆರಳು ನಿಂತಿತು. ನನ್ನ ಶ್ರೀಯ ಸುತ್ತ ಯಾರೋ ಪೆನ್ಸಿಲಿನಿಂದ ದುಂಡು ಹಾಕಿದ್ದರು. ಬ್ಯಾಂಕಿನಲ್ಲಿ ತಪ್ಪು ಕಂಡಲ್ಲಿ ನಾವು ಹಾಕುತ್ತಿದ್ದ ದುಂಡು ಅದು. ಎಷ್ಟೋ ಜನರ ಬರಹದ ಸುತ್ತ ನಾನೇ ಹಾಕಿದ್ದೇನೆ. ಆದರೂ ತಕ್ಷಣ ಹೊಳೆಯಲಿಲ್ಲ. ರಾತ್ರಿಯೆಲ್ಲ ಹೊಳೆಯದಂತೆ ನೋಡಿಕೊಂಡೆನೆಂದರೆ ಹೆಚ್ಚು ನಿಜ.

ಮರುದಿನ ಹುಬ್ಬಳ್ಳಿಗೆ ಹೋದೆ. ಋತುಜಾಳ ಮುಂದೆ ನೋಟು ಇಟ್ಟು, ಗಾಜಿನ ಈಚೆ ಬಂದು ನನ್ನ ಕಿವಿಯ ಹತ್ತಿರ ಮಾತನಾಡಮ್ಮಾ ಎಂದು ಬೇಡಿಕೊಂಡೆ. ಕಿವಿ ಕೆಟ್ಟ ಮೇಲೆ ಅಷ್ಟು ಕೇಳಿಕೊಳ್ಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಅವಳು ಹೊರಗೆ ಬಂದು ನೋಟು ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಕಾಕಾ, ಅವತ್ತ ಹೇಳಿದ್ದೆನಲ್ರಿ! ನೀವು ಕಿಸೆದಾಗಿಂದ ಪೆನ್ ತಗದದ್ದ ನೋಡೇ ಹೇಳಿದ್ದೆ. ಇದರ ಮ್ಯಾಲೆ ಏನೂ ಬರೀಬ್ಯಾಡ್ರಿ, ಆಫ್ರಿಕಾದ ಕಡೆ ಬರದ ನೋಟು ತಗೊಳ್ಳಾಂಗಿಲ್ಲ ಅಂತ. ನೀವು ಹೂಂ ಅಂದ್ರಿ.”

“ಎರಡನೇ ಸಲ?”

“ಆವಾಗೂ ಹೇಳಿದೆ. ಎರಡ್ ಸಲ ಹೇಳಿದೆ. ನೀವು ನಕ್ಕು ಹೊಂಟು ಹ್ವಾದ್ರಿ. ನಾ ಏನ್ ಮಾಡ್ಲಿ, ತಿಳೀತೇನೋ ಅನಕೊಂಡೆ.”

ಹೌದು. ನಾನು ಹೂಂ ಎಂದದ್ದನ್ನು ನನ್ನ ಕೈಯಿಂದಲೇ ನಿನಗೆ ಬರೆದಿದ್ದೇನೆ. ಕೇಳಿಸಲಿಲ್ಲ ಎಂದು ಹೇಳಲು ನಾಚಿಕೆ. ಕಿವಿ ಮಂದವಾದಾಗಿನಿಂದ ಹೂಂ ಎನ್ನುತ್ತಲೇ ಬದುಕಿದ್ದೇನೆ. ಮನೆಯಲ್ಲಿ, ಮಾರುಕಟ್ಟೆಯಲ್ಲಿ, ನೀವು ಮಕ್ಕಳು ಪ್ರಶ್ನೆ ಕೇಳಿದಾಗ. ಬಹಳ ಸಲ ನಡೆದುಹೋಗುತ್ತದೆ. ಯಾರಿಗೂ ನಷ್ಟವಾಗಿಲ್ಲವೆಂದೇ ಇಷ್ಟು ದಿನ ತಿಳಿದಿದ್ದೆ.

ಮೊನ್ನೆ ಉಪ್ಪಿನಬೆಟಗೇರಿಗೆ ಬಂದಿದ್ದೆ. ನೀನು ಶಶಿಕುಮಾರನ ಕಾಗದಗಳ ಕೆಲಸಕ್ಕೆಂದು ಕಚೇರಿಗೆ ಹೋಗಿದ್ದೆಯಂತೆ. ನಿನ್ನ ತಂದೆ ಮಣ್ಣಿನ ಹತ್ತಿರವೇ ಇದ್ದರು. ಕುಣಿ ಇನ್ನೂ ತೆರೆದಿತ್ತು. ಬರಿದು ಕುಣಿಯನ್ನು ಮುಚ್ಚುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಮೇಲೆ ತಗಡು ಹೊದಿಸಿದ್ದರು, ಮಳೆಯ ನೀರು ಬೀಳದಿರಲೆಂದು.

ಎಲ್ಲವನ್ನೂ ಹೇಳಿದೆ. ಅವರು ಕೇಳಿದರು. “ಆಕಿ ಇದನ್ನ ಹೇಳಿಲ್ರಿ ನನಗ. ರೊಕ್ಕ ಸಾಲಲಿಲ್ಲಪ್ಪಾ ಅಂತ ಅಷ್ಟ ಅಂದ್ಲು” ಎಂದರು. ನನ್ನ ತಪ್ಪನ್ನು ನೀನು ಹೊತ್ತುಕೊಂಡು ತಿರುಗುತ್ತಿರುವಾಗ ನಾನು ನಿನಗೆ ದರದ ಪಾಠ ಬರೆದು ಕಳಿಸಿದ್ದೆ.

ಆಮೇಲೆ ಅವರು ಒಂದು ನೋಟು ತೋರಿಸಲು ಹೇಳಿದರು. ಕೊಟ್ಟೆ. ಹಿಂದೆ ಮುಂದೆ ತಿರುವಿ ನೋಡಿದರು. ಕೊನೆಗೆ ತುದಿಯಲ್ಲಿ ಹೆಬ್ಬೆರಳು ಇಟ್ಟರು. ನನಗೆ ಕೇಳಿಸಬೇಕೆಂದು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು.

“ಇದರಾಗ ನನ್ಗ ಓದಾಕ ಬರೂದು ಇದೊಂದ ಐತ್ರಿ, ಸರ. ಛಲೋ ಬರದೀರಿ.”

ನೋಟು ಮಡಿಚದೆ ತಿರುಗಿ ಕೊಟ್ಟರು. ಬೈದಿದ್ದರೆ ನಾನು ಕೇಳಿಸಿಕೊಳ್ಳಬಹುದಿತ್ತು.

ಕ್ಷಮೆ ಕೇಳುವುದಿಲ್ಲ, ಪೂನಮ್. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ. ಅದು ನಿನ್ನ ಮೇಲೆ ಇನ್ನೊಂದು ಭಾರ. ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ತರಗತಿಯನ್ನು ನಿಲ್ಲಿಸಬೇಕೆಂದಿದ್ದೇನೆ. ಕೇಳಿಸದವನು ಕಲಿಸಬಾರದು.

ಶ್ರೀರಂಗ


ಉಪ್ಪಿನಬೆಟಗೇರಿ
೧೧ ಜೂನ್ ೨೦೨೫, ಬುಧವಾರ

ಸರ್,

ಇದರ ಜೊತೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಮೇ ೧೭ರಂದು ಬರೆದದ್ದು, ಕೊನೆಯ ಸಾಲು ಪೂರ್ತಿಯಾಗಿಲ್ಲ. ಅಂದೇ ಕಳಿಸಿದ್ದರೆ ಎರಡನೆಯ ಲಕೋಟೆ ಬೇರೆಯಾಗಿರುತ್ತಿತ್ತು. ನಿಮಗೆ ನೋವಾಗುತ್ತದೆಂದು ಕಳಿಸಲಿಲ್ಲ. ಅಣ್ಣ ಅಲ್ಲಿ ಉಳಿದದ್ದಕ್ಕೆ ನಿಮ್ಮ ಶ್ರೀ ಎಷ್ಟು ಕಾರಣವೋ ಈ ಪತ್ರವೂ ಅಷ್ಟೇ ಕಾರಣ. ಓದಿರಿ.

ನಾನು ಅಲ್ಲಿಂದ ಔಷಧದ ಬಾಟಲಿಯಲ್ಲಿ ಒಂದು ಹಿಡಿ ಮಣ್ಣು ತಂದಿದ್ದೆ. ಅಪ್ಪನಿಗೆ ತೋರಿಸಿರಲಿಲ್ಲ, ಮಗನನ್ನು ಕೇಳಿದವರಿಗೆ ಬಾಟಲಿ ಕೊಡುವುದು ಹೇಗೆಂದು. ನೀವು ಬಂದು ಹೋದ ಸಂಜೆ ಕೊಟ್ಟೆ. ಅಪ್ಪ ಮುಚ್ಚಳ ತೆಗೆದು ಮೂಸಿ ನೋಡಿ, “ಕೆಂಪ ಐತಿ. ನಮ್ಮದು ಕರೀದು” ಎಂದ. ಅಷ್ಟೇ ಅಂದದ್ದು. ಸೋಮವಾರ ಆ ಮಣ್ಣನ್ನೂ ಅಣ್ಣನ ಖಾಕಿ ಅಂಗಿಯನ್ನೂ ಇಟ್ಟು ಅವ್ವನ ಮಗ್ಗುಲಿನ ಕುಣಿಯನ್ನು ಮುಚ್ಚಿದೆವು. ಅಂಗಿಯ ಜೊತೆ ಚೀಲದಲ್ಲಿ ಮಕ್ತುಮಸಾಬರ ಪಾನಾ ಸಿಕ್ಕಿತು. ಅದನ್ನು ಇಡಲಿಲ್ಲ. ರಜನಿ ಅಕ್ಕ ಆಗಸ್ಟಿನಲ್ಲಿ ಮತ್ತೆ ಹೋಗುವಾಗ ಕಳಿಸಬೇಕು.

ನಾನು ಇನ್ನೂ ಅತ್ತಿಲ್ಲ. ಕೇಳುತ್ತೀರೆಂದು ಮೊದಲೇ ಬರೆದೆ.

ತರಗತಿ ನಿಲ್ಲಿಸಬೇಡಿರಿ. ಬರುವ ಸೋಮವಾರದಿಂದ ನಾನು ಬರುತ್ತೇನೆ. ದತ್ತುವಿಗೆ ಬಡ್ಡಿಯ ಲೆಕ್ಕ ಹೇಳಿಕೊಡಬೇಕು. ಅದನ್ನು ನಾನು ಮಾಡುತ್ತೇನೆ. ಹುಡುಗರು ಪ್ರಶ್ನೆ ಕೇಳಿದರೆ ಹಲಗೆಯ ಮೇಲೆ ದೊಡ್ಡದಾಗಿ ಬರೆಯಲು ಹೇಳುತ್ತೇನೆ. ನೀವು ನನ್ನ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿರಿ. ನಾನು ಗಟ್ಟಿಯಾಗಿಯೇ ಮಾತನಾಡುತ್ತೇನೆ.

ಕೇಳಿಸದಿದ್ದರೆ ಹೂಂ ಅನ್ನಬೇಡಿರಿ.

ಪೂನಮ್